ಎಲೆ ಹಿಡಿದ ಕೈ

ನಮ್ಮ ಅತ್ತೆಯ ಬಲ ಅಂಗೈ ನಡುವೆ ರೂಪಾಯಿ ಅಗಲದ ಸುಟ್ಟ ಕಲೆಯಿತ್ತು. ಹೊಸ ಸೊಸೆಯಾಗಿ ಬಂದಾಗ ಆಸೆ ತಡೆಯಲಾರದೆ ಬಿಸಿ ಬೆಲ್ಲಕ್ಕೆ ಬರಿಗೈ ಒಡ್ಡಿದ್ದರ ಗುರುತು ಅದು. "ಆಸೆಬುರುಕಿ ಅಂತ ದೇವರು ಶಿಕ್ಕಾ ಒತ್ಯಾನ ನೋಡ" ಎಂದು ತಾವೇ ತೋರಿಸಿ ನಗುತ್ತಿದ್ದರು.

ಮುಧೋಳದಿಂದ ಜಮಖಂಡಿಗೆ ಹೋಗುವ ರಸ್ತೆಯ ಬದಿಗೆ ನಮ್ಮ ಬೆಲ್ಲದ ಗಾಣ. ಕೊಪ್ಪರಿಗೆ ಇಳಿಸಿದಾಗ ಬಾಗಿಲಲ್ಲಿ ಯಾರೇ ನಿಂತಿರಲಿ, ಮೊದಲ ಬಿಸಿ ಬೆಲ್ಲ ಅವರು ಅಂಗೈ ಮೇಲಿಟ್ಟು ಒಡ್ಡಿದ ಬಾಳೆಲೆಯ ಚೂರಿಗೆ. ಮನೆಯವರಿಗೆ ಆಮೇಲೆ. ಮಾವ ತೀರಿಕೊಂಡ ಮೇಲೆ ಅತ್ತೆ ಗಾಣಕ್ಕೆ ಕೀಲಿ ಜಡಿದು, ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಕಬ್ಬೆಲ್ಲ ಕಾರ್ಖಾನೆಗೆ ಹೋಗತೊಡಗಿತು. ನನಗೋ ಆ ಗಾಣ ನಡೆಸುವ ಹುಚ್ಚು. ಕೇಳಿದಾಗಲೆಲ್ಲ, "ಅವರಿಲ್ಲದ ಗಾಣಕ್ಕ ಉರಿ ಹಚ್ಚೂದು ಬ್ಯಾಡ, ಸುಮ್ನಿರ ಬೇ" ಎನ್ನುತ್ತಿದ್ದರು. ಆ ಹಟದ ಮುಂದೆ ನನ್ನ ಗಂಡನ ಬೇಳೆಯೂ ಬೇಯಲಿಲ್ಲ.

ಎರಡು ವರ್ಷ ಹೀಗೇ ಕಳೆದ ಮೇಲೆ, ಮನಸ್ಸು ಹಗುರಾಗಲೆಂದು ಅವರನ್ನು ಊಟಿಗೆ ಕರೆದೊಯ್ದೆವು. ಅಲ್ಲೊಂದು ಚಾಕೊಲೇಟ್ ಮ್ಯೂಸಿಯಂ. "ಅದರಾಗೇನ್ ಐತಿ?" ಎಂದರು.

"ಚಾಕೊಲೇಟ್ ಹೆಂಗ ಮಾಡ್ತಾರಂತ ತೋರಸ್ತಾರ್ರಿ ಅತ್ತಿ. ನಮ್ಮ ಗಾಣ ಇದ್ದಂಗ" ಎಂದೆ.

ಅಷ್ಟು ಅಂದದ್ದೇ ತಡ, ಹೊರಗಿನ ಹೂವಿನವಳ ಹತ್ತಿರ ಬಾಳೆಲೆಯ ಚೂರೊಂದನ್ನು ಇಸಿದುಕೊಂಡರು. ಒಳಗೆ ಕೋಕೋ ಕಾಯಿ, ಚಾಕೊಲೇಟಿನ ಆನೆ, ಕೋಟೆ ಎಲ್ಲ ನೋಡಿ ಗಾಜಿನ ಗೋಡೆಯೊಂದರ ಮುಂದೆ ಬಂದೆವು. ಆಚೆ ಬಿಳಿ ಟೊಪ್ಪಿಗೆಯ ಹುಡುಗಿಯೊಬ್ಬಳು ಕರಗಿದ ಚಾಕೊಲೇಟ್ ತಿರುವುತ್ತಿದ್ದಳು. ಅತ್ತೆ ಎಲೆಯನ್ನು ಅಂಗೈ ಮೇಲಿಟ್ಟು ಗಾಜಿನೆದುರು ಒಡ್ಡಿ ನಿಂತೇಬಿಟ್ಟರು!

ಸುತ್ತಲಿದ್ದವರು ನಕ್ಕರು. ನನ್ನ ಗಂಡನ ಮುಖ ಕೆಂಪಾಯಿತು. "ಅವ್ವಾ, ಇಲ್ಲೆ ಹಂಗ ಕೊಡಂಗಿಲ್ಲ, ಬಾ."

"ಯಾಕ ಕೊಡಂಗಿಲ್ಲ? ಬಾಗಲದಾಗ ನಿಂತವ್ರಿಗಿ ಇಲ್ಲ ಅಂತಾರೇನ?"

ಆ ಹುಡುಗಿಗೆ ನಮ್ಮ ಮಾತು ತಿಳಿಯಲಿಲ್ಲ, ಎಲೆ ತಿಳಿಯಿತು. ಪಕ್ಕದ ಬಾಗಿಲು ತೆರೆದು ಬಂದು, ಒಂದು ಚಮಚ ಚಾಕೊಲೇಟನ್ನು ಎಲೆಗೆ ಹಾಕಿ ಕೈಮುಗಿದಳು. ಅತ್ತೆ ನೆಕ್ಕಿ ನೋಡಿ, "ಕಹಿ ಐತಿ. ಹುಡುಗಿ ಮಾತ್ರ ಬಂಗಾರ" ಎಂದರು.

ಘಟ್ಟ ಇಳಿಯುವಾಗ ಬಸ್ಸಿನಲ್ಲಿ ಅತ್ತೆ ಸೊಂಟದ ಕೀಲಿಕೈಯನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದರು. ಕೆಳಗೆ ಬಂದ ಮೇಲೆ ನನ್ನ ಕೈ ಹಿಡಿದುಕೊಂಡರು. "ಗುರ್ತಿಲ್ಲದ ಹುಡುಗಿ ನನಗ ಕೊಟ್ಲು. ನಾ ನಮ್ಮ ಬಾಗಲಕ್ಕ ಬಂದವ್ರಿಗಿ ಕೀಲಿ ತೋರ್ಸೇನಿ. ಅವರಿದ್ದಿದ್ರ ನನ್ನ ಬೈತಿದ್ರು." ಸೊಂಟದ ಕೀಲಿಕೈ ಬಿಚ್ಚಿ ನನ್ನ ಮಡಿಲಿಗೆ ಹಾಕಿದರು. ನನಗೆ ಅಳು ತಡೆಯಲಾಗಲಿಲ್ಲ.

ಆ ಹಂಗಾಮಿಗೆ ಗಾಣ ಶುರುವಾಯಿತು. ಮೊದಲ ಬೆಲ್ಲವನ್ನು ಪ್ರೀತಿಯಿಂದ ಅವರಿಗೇ ಕೊಡಹೋದರೆ ಬೈಸಿಕೊಂಡೆ: "ನಾ ಮನಿಯಾಕಿ. ಬಾಗಲದಾಗ ಯಾರ ಅದಾರ ನೋಡ ಮದ್ಲ!" ಕಬ್ಬಿನ ಟ್ರ್ಯಾಕ್ಟರಿನವನೊಬ್ಬ ನಿಂತಿದ್ದ. ಅವನು ತಿಂದ ಮೇಲೆಯೇ ಅವರು ಬಾಯಿಗಿಟ್ಟುಕೊಂಡದ್ದು.

ಅತ್ತೆ ಹೋಗಿ ಎರಡು ಹಂಗಾಮು ಆಯಿತು. ಗಾಣಕ್ಕೆ ಈಗ ಬಾಗಿಲೇ ಹಾಕುವುದಿಲ್ಲ. ಮೊನ್ನೆ ಜಮಖಂಡಿ ಕಾಲೇಜಿನ ಹುಡುಗಿಯೊಬ್ಬಳು ಸ್ಕೂಟಿ ನಿಲ್ಲಿಸಿ ಬಂದು, ಕುದಿವ ವಾಸನೆಗೆ ಸೋತು ಬರಿಗೈಯನ್ನೇ ಚಾಚಿದಳು.

"ಎಲಿ ಹಿಡಿ ಬೇ ಆಸೆಬುರುಕಿ, ಕೈ ಸುಡ್ತೈತಿ!" ಎಂದು ಕೂಗಿದೆ. ಗಾಣದ ಆಳುಗಳೆಲ್ಲ ಕೆಲಸ ಬಿಟ್ಟು ತಿರುಗಿ ನೋಡಿದರು. ಅದು ಅತ್ತೆಯದೇ ದನಿಯಾಗಿತ್ತು.