ಮಂಚ ಹೊತ್ತೊಯ್ದ ತಿಗಣಿ

ಅಮೀರ್‌ಪೇಟ್‌ನ್ಯಾಗ ಸಾಫ್ಟ್‌ವೇರ್ ಕಲಿಯಾಕ ಬಂದ ಹುಡುಗರಿಗೆ ನಾನು ಹಾಸ್ಟೆಲ್ ನಡಸ್ತಿದ್ದೆ. ಒಮ್ಮೆ ಮಂಚಕ್ಕೆಲ್ಲಾ ತಿಗಣಿ ಹತ್ತಿದ್ವು. "ಇವು ಹೋಗಲಿಲ್ಲಂದ್ರ ನಾವು ಖಾಲಿ ಮಾಡ್ತೀವ್ರಿ ಅಜ್ಜಾರ" ಅಂದ್ರು ಹುಡುಗರು.

ಔಷಧ ಹೊಡಿಯೋ ಕಂಪನಿ ಗಲ್ಲಿಗೊಂದು ಇದ್ವು. ಅವರ ಕಾಗದ ಓದಾಕ ನನಗ ಅಕ್ಷರ ಬರಂಗಿಲ್ಲ. ಆದ್ರ ಮನುಷ್ಯಾನ ಪರೀಕ್ಷೆ ಮಾಡೋದ್ರಾಗ ಇಡೀ ಹೈದರಾಬಾದಿನ್ಯಾಗ ನನ್ನ ಸರಿ ಯಾರಿಲ್ಲ. ಬಂದವರಿಗೆಲ್ಲಾ ಒಂದೇ ಮಾತು ಹೇಳಿದೆ: "ನಮ್ಮ ತಿಗಣಿ ಹೆಗ್ಗಣದಷ್ಟು ಅದಾವ. ನಿನ್ನೆ ಮಲಗಿದ್ದ ಹುಡುಗನ್ನ ಮಂಚದ ಸಮೇತ ಬಾಗಿಲ ತನಕ ಹೊತ್ತೊಯ್ದಿದ್ವು."

ಟೈ ಕಟ್ಟಿಕೊಂಡು ಬಂದ ಮೊದಲನೆಯವ, "ಹೌದ್ರಿ ಚಾಚಾ, ಅಂಥಾವು ಭಾಳ ನೋಡೀನಿ. ಒಂದೇ ಸಲ ಹೊಡದ್ರ ಜನ್ಮಪೂರ್ತಿ ಗ್ಯಾರಂಟಿ" ಅಂದ. ಅವಂಗ ಚಹಾ ಕುಡಿಸಿ ಕಳಿಸಿದೆ.

ಎರಡನೆಯವ ನಕ್ಕ. "ಸುಳ್ಳು ಹೇಳಬ್ಯಾಡ್ರಿ ಚಾಚಾ. ಗಾದಿ ಎತ್ರಿ, ನೋಡೋಣು." ನೋಡಿ ಅಂದ: "ತತ್ತಿ ಇಟ್ಟಾವ. ಒಂದೇ ಸಲಕ್ಕ ಹೋಗಂಗಿಲ್ಲ, ಮತ್ತ ಬರಬೇಕು." ಕೆಲಸ ಅವಂಗ ಕೊಟ್ಟೆ. ಎರಡನೇ ಸಲಕ್ಕ ತಿಗಣಿ ಹೋದ್ವು, ಹುಡುಗರು ಉಳಿದ್ರು.

"ನನ್ನ ಮಾತು ನಂಬದವನನ್ನ ಕಣ್ಣು ಮುಚ್ಚಿ ನಂಬಬಹುದು" ಅಂತ ಮನ್ಯಾಗ ಕುಂತು ಹೇಳಿದೆ.

ಒಳಗಿಂದ ನನ್ನ ಹೆಂಡ್ತಿ ಅಂದ್ಳು: "ಹಂಗಾದ್ರ ನನ್ನಷ್ಟು ನಂಬಿಗಸ್ತರು ನಿಮಗ ಯಾರೂ ಇಲ್ಲ ನೋಡ್ರಿ. ಲಗ್ನ ಆದಾಗಿಂದ ನಿಮ್ಮ ಒಂದು ಮಾತೂ ನಂಬಿಲ್ಲ."