ಬಾವನ ಪಾಲಿಗೆ ಹೋದ ನಂಬರು

ನಮ್ಮ ಮನೆ ಪಾಲಾದ ದಿನ ತಟ್ಟೆ, ಸ್ಟ್ಯಾಂಡು, ಸ್ಪ್ರೇಯರು, ಸೊಪ್ಪು ಕತ್ತರಿಸುವ ಯಂತ್ರ ಎಲ್ಲವನ್ನೂ ಅಂಗಳಕ್ಕೆ ತಂದು ಹರವಿ ಎರಡು ಭಾಗ ಮಾಡಿದರು. ನನ್ನ ಕೈಯಲ್ಲಿದ್ದ ಫೋನಿನ ನೆನಪು ಯಾರಿಗೂ ಬಂದಿರಲಿಲ್ಲ. ಬಾವನಿಗೆ, ಎಂದರೆ ನನ್ನ ಗಂಡನ ಅಣ್ಣನಿಗೆ, ಅದು ಬಂತು.

“ಫೋನ್ ನೀನೇ ಮಡಿಕ್ಕೊಳವ್ವ. ಸಿಮ್ ಮಾತ್ರ ತಗ್ದು ಕೊಡು. ನಂಬರು ನನ್ನ ಹೆಸ್ರಲ್ಲೈತೆ.”

ನಂಬರು ಅವರ ಹೆಸರಿನಲ್ಲಿದ್ದದ್ದು ನಿಜ. ಆದರೆ ಅಷ್ಟು ವರ್ಷ ಆ ನಂಬರಿನಲ್ಲಿ ಮಾತಾಡಿದ ಗಂಟಲು ನನ್ನದು. ನಮ್ಮದು ಚಾಕಿ ಕೇಂದ್ರ. ರೇಷ್ಮೆ ಮೊಟ್ಟೆ ಒಡೆಸಿ, ಕಣ್ಣಿಗೆ ಕಾಣದಷ್ಟು ಸಣ್ಣ ಹುಳಕ್ಕೆ ಎಳೆಯ ಹಿಪ್ಪುನೇರಳೆ ಸೊಪ್ಪು ಹಾಕಿ ಬೆಳೆಸಿ, ಒಂದು ಹಂತಕ್ಕೆ ಬಂದ ಮೇಲೆ ರೈತರಿಗೆ ಕೊಡುವ ಕೆಲಸ. ಮದುವೆಯಾಗಿ ಬಂದಾಗ ಈ ಕೇಂದ್ರದಲ್ಲಿ ನನ್ನ ಪಾಲಿಗೆ ಇದ್ದದ್ದು ತಟ್ಟೆ ತೊಳೆಯುವುದೊಂದೇ. ಮೊಟ್ಟೆ ತರುವ ಕಡೆ ಚೌಕಾಸಿ ಮಾಡುವುದನ್ನು, ರೈತನ ಸಿಟ್ಟು ಇಳಿಸುವುದನ್ನು, ಕೈಬಿಟ್ಟು ಹೋದವರನ್ನು ಮತ್ತೆ ಕರೆತರುವುದನ್ನು ನಾನಾಗಿಯೇ ಕಲಿತೆ. ಯಾರೂ ಹೇಳಿಕೊಡಲಿಲ್ಲ.

ಸಿಮ್ಮಿಗಾಗಿ ನಾನು ಜಗಳಕ್ಕೆ ನಿಲ್ಲಲಿಲ್ಲ. ವ್ಯಾಪಾರ ಮಾಡುವ ಹೆಣ್ಣುಮಕ್ಕಳಿಗೆ ನಾನು ಯಾವಾಗಲೂ ಹೇಳುತ್ತೇನೆ, ಎದುರಿನವರು ಗಟ್ಟಿಯಾಗಿ ಹಿಡಿದುಕೊಂಡದ್ದನ್ನೇ ಎಳೆಯುತ್ತ ಕೂರಬೇಡಿ, ಅವರ ಕಣ್ಣು ಅದರ ಮೇಲಿರುವಾಗ ಬೇರೆಯದನ್ನು ನಿಮ್ಮ ಕಡೆಗೆ ಸರಿಸಿಕೊಳ್ಳಿ ಎಂದು. ನಾನು ಸಿಮ್ ತೆಗೆದು ಬಾವನ ಅಂಗೈಗೆ ಹಾಕಿ, ಸೊಪ್ಪು ಕತ್ತರಿಸುವ ಯಂತ್ರ ನಮಗಿರಲಿ ಎಂದೆ. ಅವರು ಸಿಮ್ ನೋಡುತ್ತಲೇ ಹೂಂ ಅಂದುಬಿಟ್ಟರು.

ಹಾರೋಹಳ್ಳಿಗೆ ಹೋಗಿ ನನ್ನದೇ ಹೆಸರಿನಲ್ಲಿ ಹೊಸ ಸಿಮ್ ತಂದೆ. ರೈತರ ನಂಬರುಗಳೆಲ್ಲ ಫೋನಿನಲ್ಲೇ ಉಳಿದಿದ್ದವು. ಅವರ ಜೊತೆ ಗಂಡನನ್ನೂ ಸೇರಿಸಿ ಒಂದು ಪಟ್ಟಿ ಮಾಡಿ, “ಇದು ನನ್ನ ಹೊಸ ನಂಬರು, ಸೇವ್ ಮಾಡಿಕೊಳ್ಳಿ” ಎಂದು ಒಂದೇ ಮೆಸೇಜನ್ನು ಅಷ್ಟೂ ಜನಕ್ಕೆ ಕಳಿಸಿದೆ. ಕೆಲಸ ಮುಗಿಯಿತು ಅಂದುಕೊಂಡೆ.

ಗ್ರೂಪ್ ಯಾಕೆ ಮಾಡಲಿಲ್ಲ ಎಂದು ನೀವು ಕೇಳಬಹುದು. ಹುಳ ಸಾಕುವವರನ್ನು ಗ್ರೂಪಿಗೆ ಹಾಕುವುದು ನಮ್ಮ ಕಡೆ ನಡೆಯದ ಮಾತು. ಯಾರು ಎಷ್ಟು ಮೊಟ್ಟೆಯ ಹುಳ ತಂದರು, ಹುಳ ಹೇಗಿದೆ, ಯಾವಾಗ ಗೂಡು ಕಟ್ಟುತ್ತದೆ ಎನ್ನುವುದನ್ನು ಪಕ್ಕದ ಮನೆಯವನಿಗೂ ಹೇಳುವುದಿಲ್ಲ. ದೃಷ್ಟಿ ತಾಗುತ್ತದೆ ಎನ್ನುವುದು ಒಂದು. ಒಬ್ಬರ ಹುಳ ಚೆನ್ನಾಗಿದೆ ಎಂದು ಗೊತ್ತಾದರೆ ನೋಡಲು ಬರುವವರು ಕಾಲಿನಲ್ಲಿ ರೋಗ ಹೊತ್ತು ತರುತ್ತಾರೆ ಎನ್ನುವುದು ಇನ್ನೊಂದು. ಹಿಂದೆ ಬಾವ ಒಮ್ಮೆ ಗ್ರೂಪ್ ಮಾಡಿ, ಒಬ್ಬರಿಗೆ ಕೊಟ್ಟ ಹುಳದ ಫೋಟೋ ಹಾಕಿದ್ದರು. ಮಧ್ಯಾಹ್ನ ಆಗುವಷ್ಟರಲ್ಲಿ ಗ್ರೂಪಿನಲ್ಲಿ ಉಳಿದದ್ದು ಅವರು ಮತ್ತು ನಾನು. ಅದಕ್ಕೇ ಈ ಪಟ್ಟಿ. ನಾನು ಒಮ್ಮೆ ಕಳಿಸಿದರೆ ಸಾಕು, ಪ್ರತಿಯೊಬ್ಬರಿಗೂ ತನಗೊಬ್ಬನಿಗೇ ಬಂದ ಹಾಗೆ ಕಾಣುತ್ತದೆ.

ಮೊದಲ ಸ್ವಂತ ಬ್ಯಾಚಿಗೆ ಕನಕಪುರದ ಸುತ್ತಲಿನವರಲ್ಲದೆ ಮಾಗಡಿ ಕಡೆಯ ಗುಡೇಮಾರನಹಳ್ಳಿಯಿಂದ, ಚನ್ನಪಟ್ಟಣದ ಕಡೆಯ ಬೈರಾಪಟ್ಟಣದಿಂದಲೂ ಜನ ಬಂದು ಬುಕ್ ಮಾಡಿದರು. ಬಾವನ ಶೆಡ್ಡಿನ ಮುಂದೆಯೇ ಹಾದು ನನ್ನ ಶೆಡ್ಡಿಗೆ ಬಂದರು. ನಂಬರು ಬರೆದುಕೊಳ್ಳಿ ಎಂದರೆ ಎಲ್ಲರದೂ ಒಂದೇ ಉತ್ತರ: “ಐತೆ ಬುಡಕ್ಕ, ಮೊದ್ಲಿಂದ್ಲೂ ಐತೆ.” ಮೆಸೇಜು ಹೋಗಿದೆಯಲ್ಲ ಎಂದು ನಾನೂ ಸುಮ್ಮನಾದೆ.

ಈಗ ಹುಳದ ವಿಷಯ ಒಸಿ ಹೇಳಬೇಕು. ಹುಳ ಪೊರೆ ಬಿಡುವ ಮುಂಚೆ ಸೊಪ್ಪು ಮುಟ್ಟದೆ, ತಲೆ ಎತ್ತಿ ಅಲ್ಲಾಡದೆ ಕೂರುತ್ತದೆ. ಅದಕ್ಕೆ ಜ್ವರಕ್ಕೆ ಕೂರುವುದು ಎನ್ನುತ್ತೇವೆ. ಎರಡನೇ ಜ್ವರಕ್ಕೆ ಕೂತಿರುವಾಗಲೇ ಅದನ್ನು ಸಾಗಿಸಬೇಕು. ಎದ್ದಿತೆಂದರೆ ಹಸಿವು, ಮೇವು ಹಾಕದೆ ಹಸಿದ ಹುಳವನ್ನು ಗಾಡಿಯಲ್ಲಿ ಕುಲುಕಿಸಿದರೆ ಕೆಟ್ಟಿತು. ದಿನ ಮೊದಲೇ ಅಂದಾಜಿರುತ್ತದೆ, ಆದರೆ ಬಿಸಿಲು ಹೆಚ್ಚಾದರೆ ಹುಳ ಮುಂದಕ್ಕೆ ಓಡುತ್ತದೆ. ಆ ಸಲ ಓಡಿತು. ನಾಡಿದ್ದು ಕೊಡಬೇಕಾದ ಹುಳವನ್ನು ನಾಳೆಯೇ ಕೊಡಬೇಕಾಗಿ ಬಂತು. “ನಾಳೆ ಬಿಸಿಲೇರುವ ಮುಂಚೆ ಬನ್ನಿ” ಎಂದು ಬೆಳಿಗ್ಗೆಯೇ ಪಟ್ಟಿಗೆ ಮೆಸೇಜು ಹಾಕಿದೆ.

ಮೆಸೇಜು ತಲುಪಿದರೆ ಎರಡು ರೈಟ್ ಮಾರ್ಕು ಬೀಳಬೇಕು. ಒಂದೇ ಬಿತ್ತು. ತಿಂಡಿ ಆದ ಮೇಲೂ ಒಂದೇ. ಬೆರಳೆಣಿಕೆಯ ಜನಕ್ಕೆ ಬಿಟ್ಟರೆ ಯಾರಿಗೂ ಹೋಗಿರಲಿಲ್ಲ. ರೈತ ಬರದಿದ್ದರೆ ಅಷ್ಟೂ ಹುಳ ನನ್ನ ಶೆಡ್ಡಿನಲ್ಲೇ ಎದ್ದು ಬಾಯಿ ತೆರೆಯುತ್ತದೆ, ನನ್ನ ತೋಟದ ಸೊಪ್ಪು ಅದಕ್ಕೆ ಒಂದು ಹೊತ್ತಿಗೂ ಸಾಲದು. ಮೊದಲ ಬ್ಯಾಚೇ ತಿಪ್ಪೆಗೆ ಹೋದರೆ ಎರಡನೆಯದಕ್ಕೆ ನನ್ನ ಬಾಗಿಲಿಗೆ ಯಾರು ಬರುತ್ತಾರೆ?

ಗಂಡ ಟವರ್ ಇಲ್ಲ ಎಂದರು. ಮಹಡಿ ಹತ್ತಿ ನೋಡಿದೆ. ಫೋನ್ ಆಫ್ ಮಾಡಿ ಆನ್ ಮಾಡಿದೆ. ಡೇಟಾ ಆರಿಸಿ ಮತ್ತೆ ಹಾಕಿದೆ. ಫ್ಲೈಟ್ ಮೋಡಿಗೆ ಹಾಕಿ ತೆಗೆದೆ. ಆಪ್ ಅಪ್‌ಡೇಟ್ ಮಾಡಿದೆ. ಸಿಮ್ ಹೊರಗೆ ತೆಗೆದು ಸೆರಗಿನಿಂದ ಒರೆಸಿದೆ. ರೈಟು ಒಂದೇ. ಫೋನ್ ಮಾಡಿದರೆ ಯಾರೂ ಎತ್ತುವುದಿಲ್ಲ.

ಗಂಡನ ಬೈಕಿನಲ್ಲಿ ಹಾರೋಹಳ್ಳಿಯ ಫೋನ್ ಅಂಗಡಿಗೆ ಹೋದೆವು. ಫ್ಯಾಕ್ಟರಿ ಶಿಫ್ಟ್ ಬಿಟ್ಟ ಹೊತ್ತು, ಕೌಂಟರಿನ ಮುಂದೆ ತುಂಬ ಜನ. ಅಂಗಡಿಯವನು ನನ್ನ ಫೋನನ್ನು ಎರಡು ಬೆರಳಲ್ಲಿ ಹಿಡಿದ.

“ಮೆಮೊರಿ ಫುಲ್ಲು ಮೇಡಂ. ರೀಸೆಟ್ ಮಾಡ್ಬೇಕು. ಎಲ್ಲಾ ಹೋಯ್ತದೆ. ಅದ್ರ ಬದ್ಲು ಇದನ್ನ ಎಕ್ಸ್‌ಚೇಂಜಿಗೆ ಕೊಟ್ಬುಡಿ, ಹೊಸ್ದು ಕಂತಲ್ಲಿ ಕೊಡ್ತೀನಿ.”

“ನಮ್ಮ ಯಜಮಾನ್ರ ಫೋನಿಗೆ ಮೆಸೇಜು ಹೋಗ್ತೈತಲ್ಲಪ್ಪ. ಮೆಮೊರಿ ತುಂಬಿದ್ರೆ ಅವ್ರಿಗೂ ಹೋಗ್ಬಾರ್ದು ತಾನೆ?”

“ಅದು ಲೋಡ್ ಮೇಲೆ ಹೋಯ್ತದೆ ಮೇಡಂ.”

“ಯಾವ ಲೋಡು?”

“ಒಟ್ನಲ್ಲಿ ಲೋಡು.”

ಕಾರಣ ಹೇಳಲಾಗದವರು ಹೊಸದನ್ನು ಕೊಳ್ಳಿ ಎಂದರೆ ಅಲ್ಲಿ ನಿಲ್ಲಬಾರದು. ಇದು ಫೋನಿಗೂ ಸರಿ, ಪಂಪಿನ ಮೋಟಾರಿಗೂ ಸರಿ. ಫೋನ್ ಕಿತ್ತುಕೊಂಡು ಬಂದೆ. ರೀಸೆಟ್ ಮಾಡಿಸಿದ್ದರೆ ರೈತರ ನಂಬರುಗಳೂ ಹೋಗಿರುತ್ತಿದ್ದವು.

ಊರಿಗೆ ಬರುವಾಗ ಬಾವ ಅವರ ಶೆಡ್ಡಿನ ಬಾಗಿಲಲ್ಲೇ ನಿಂತಿದ್ದರು.

“ಏನವ್ವ, ನಿನ್ನ ಗಿರಾಕಿಗಳು ನಂಗೆ ಫೋನ್ ಮಾಡ್ತಾವ್ರೆ. ಹುಳ ಯಾವತ್ತು ಅಂದ್ರು, ನಾಡಿದ್ದು ಅಂದೆ.”

“ನನ್ ಹುಳ ನಾಳೆ ಬಾವ.”

“ನಂದು ನಾಡಿದ್ದು. ನನ್ ನಂಬರಿಗೆ ಮಾಡುದ್ರೆ ನಾನು ನನ್ ಹುಳದ್ದೇ ಹೇಳ್ಬೇಕಲ್ವಾ?” ಎಂದು ನಕ್ಕರು. ಆಮೇಲೆ ದನಿ ಇಳಿಸಿ, “ಹಳೇ ನಂಬರಿಂದ ನಾನೇ ಒಂದು ಮೆಸೇಜ್ ಹಾಕ್ಬುಡ್ತೀನಿ. ಮುಂದಿನ ಬ್ಯಾಚಿಂದ ಬುಕಿಂಗ್ ಎಲ್ಲಾ ನನ್ ಕಡೆ. ನೀನು ಹುಳ ಸಾಕ್ಕೊಂಡಿರು, ಮಾತು ನಾನ್ ನೋಡ್ಕತೀನಿ” ಎಂದರು.

ಗಂಡ ನನ್ನ ಮುಖ ನೋಡಿದರು. ಕೇಳದೇ ಷರತ್ತು ಹಾಕುವವರಿಗೆ ನಮ್ಮಿಂದ ಏನೋ ಬೇಕಾಗಿದೆ ಎಂದೇ ಅರ್ಥ. ನನ್ನ ಬಾಯಿಂದ ಬಂದದ್ದು ಇಷ್ಟೇ: “ತಟ್ಟೆ ತೊಳ್ಯೋ ಕೆಲ್ಸ ನಾನು ಬುಟ್ಟು ಬಾಳ ದಿನ ಆಯ್ತು ಬಾವ.”

ಶೆಡ್ಡಿಗೆ ಬಂದರೆ ಬೈರಾಪಟ್ಟಣದ ಒಬ್ಬ ಹೆಂಗಸು ಹೊಸ್ತಿಲಾಚೆ ಚಪ್ಪಲಿ ಬಿಟ್ಟು ಕೂತಿದ್ದಳು. ನನಗಿಂತ ಹಿರಿಯಳು, ಹಳೆಯ ಗಿರಾಕಿ. ಇತ್ತ ನೆಂಟರ ಮನೆಗೆ ಬಂದವಳು ಹುಳ ಹೇಗಿದೆ ಎಂದು ಇಣುಕಿ ಹೋಗಲು ಬಂದಿದ್ದಳು.

“ಮೆಸೇಜು ಬರ್ನಿಲ್ವಾ ಅಕ್ಕ?”

“ಎಲ್ಬಂತು? ನೀನು ದೊಡ್ಡ ಮನುಷ್ಯಳಾಗ್ಬುಟ್ಟೆ, ಮನೆ ಪಾಲಾದ್ಮೇಲೆ ನಮ್ಮನ್ನೆಲ್ಲ ಮರ್ತೆ.”

ಅವಳ ಫೋನನ್ನೂ ಗಂಡನ ಫೋನನ್ನೂ ನನ್ನ ಫೋನಿನ ಪಕ್ಕ ಒಂದು ಖಾಲಿ ತಟ್ಟೆಯಲ್ಲಿಟ್ಟೆ. ಹುಳಕ್ಕೆ ಏನೋ ಆಗಿದೆ ಎಂದರೆ ಒಳ್ಳೆಯ ತಟ್ಟೆ, ಕೆಟ್ಟ ತಟ್ಟೆ ಎರಡನ್ನೂ ಜೊತೆಯಲ್ಲಿಟ್ಟು ಇದರಲ್ಲಿರುವ ಯಾವುದು ಅದರಲ್ಲಿಲ್ಲ ಎಂದು ನೋಡುತ್ತೇವೆ. ಅದನ್ನೇ ಮಾಡಿದೆ. ಪಟ್ಟಿಗೆ ಮೆಸೇಜು ಹಾಕಿದೆ. ಗಂಡನ ಫೋನು ಟಿಂಗ್ ಎಂದಿತು, ಅವಳದು ಸುಮ್ಮನಿತ್ತು. ಎರಡಕ್ಕೂ ಕಾಲ್ ಮಾಡಿದೆ. ಎರಡೂ ರಿಂಗಾದವು. ಗಂಡನ ಫೋನಿನ ಮೇಲೆ ನನ್ನ ಹೆಸರು ಬಂತು. ಅವಳದರ ಮೇಲೆ ಬರೀ ಅಂಕಿ.

“ನನ್ ನಂಬರು ಇಕ್ಕಂಡಿಲ್ವಾ ನೀನು?”

“ಇಕ್ಕಂಡಿವ್ನಲ್ಲ, ಇಲ್ನೋಡು” ಎಂದು ತೋರಿಸಿದಳು. ಅದು ಬಾವನ ಪಾಲಿಗೆ ಹೋದ ನಂಬರು.

ಹೊಸದನ್ನು ಸೇವ್ ಮಾಡಿದೆ. ಪಟ್ಟಿಗೆ ಇನ್ನೊಮ್ಮೆ ಮೆಸೇಜು ಹಾಕಿದೆ. ಅವಳ ಫೋನು ತಟ್ಟೆಯಲ್ಲಿ ಗುರ್ರೆಂದು ನಡುಗಿತು.

ತಿಳಿಯದವರು ಇದನ್ನು ತಿಳಿದಿಟ್ಟುಕೊಳ್ಳಿ. ಪಟ್ಟಿ ಮಾಡಿ ಒಟ್ಟಿಗೆ ಕಳಿಸುವ ಮೆಸೇಜು ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಹೋಗುತ್ತದೆ. ನೀವು ಅವರ ನಂಬರು ಇಟ್ಟುಕೊಂಡಿದ್ದರೆ ಸಾಲದು, ಅವರೂ ನಿಮ್ಮದನ್ನು ಇಟ್ಟುಕೊಂಡಿರಬೇಕು. ಒಬ್ಬೊಬ್ಬರಿಗೇ ಬಿಡಿಯಾಗಿ ಕಳಿಸಿದರೆ ಈ ತೊಡಕಿಲ್ಲ. ನಾನು ಹೊಸ ನಂಬರಿನ ಸುದ್ದಿಯನ್ನೂ ಪಟ್ಟಿಗೇ ಕಳಿಸಿದ್ದೆ ಎಂದಾಗ ಬೈರಾಪಟ್ಟಣದವಳು ಬಾಯಿಗೆ ಸೆರಗು ಹಿಡಿದಳು.

“ಅಂದ್ರೆ, ನಂಬರ್ ಇಕ್ಕಳಿ ಅನ್ನೋ ಸುದ್ದಿ ನಂಬರ್ ಇಕ್ಕಂಡೋರಿಗೆ ಮಾತ್ರ ಹೋಯ್ತಾ? ಚೆನ್ನಾಗೈತೆ ಕಣವ್ವ ನಿನ್ ಯಾಪಾರ!”

ನಗಲು ಹೊತ್ತಿರಲಿಲ್ಲ. ಒಬ್ಬೊಬ್ಬರಿಗೇ ಕಳಿಸಲು ಕೂತೆ. ಗೊತ್ತಿಲ್ಲದ ನಂಬರೆಂದರೆ ಸಾಲ ಬೇಕಾ ಎಂದು ಪೀಡಿಸುವವರು ಎಂದುಕೊಂಡು ಜನ ತೆರೆದೂ ನೋಡುವುದಿಲ್ಲ. ಬರೆದರೆ ನಂಬುವುದಿಲ್ಲ, ದನಿ ಕೇಳಿದರೆ ನಂಬುತ್ತಾರೆ ಅನ್ನಿಸಿತು. ವಾಯ್ಸ್ ಕಳಿಸತೊಡಗಿದೆ. ಅದರಲ್ಲೂ ಒಂದು ಎಚ್ಚರ ಬೇಕಿತ್ತು. ಜಗುಲಿಯ ಮೇಲೆ ನಾಲ್ಕು ಜನರ ನಡುವೆ ಜೋರಾಗಿ ಹಾಕಿ ಕೇಳುವವರೇ ಹೆಚ್ಚು. ಹುಳದ ಮಾತೆತ್ತಿದರೆ ಅವರ ಗುಟ್ಟು ಬೀದಿಗೆ ಬೀಳುತ್ತದೆ. ಅದಕ್ಕೆ ಹುಳ ಎನ್ನುವ ಮಾತನ್ನೇ ಆಡಲಿಲ್ಲ. “ಅಣ್ಣ, ನಾನು ಕಣಣ್ಣ. ನೀವು ಹೇಳಿದ್ದು ನಾಳೀಕೇ ರೆಡಿ, ಬಿಸ್ಲೇರಕ್ ಮುಂಚೆ ಬಂದ್ಬುಡಿ. ಇದೇ ನನ್ ನಂಬರು, ಇಕ್ಕಳಿ.” ಒಬ್ಬರಿಗೆ ಅಣ್ಣ, ಒಬ್ಬರಿಗೆ ಅವ್ವ, ಒಬ್ಬರಿಗೆ ಗೌಡ್ರೇ. ಅದೇ ಮಾತು, ಆದರೆ ಪ್ರತಿ ಸಲ ಹೊಸದಾಗಿ ಹೇಳಿದೆ. ನೀರು ಕುಡಿಯಲು ನಿಂತರೆ ಬೈರಾಪಟ್ಟಣದವಳು “ಮಾತಾಡು ಮಾತಾಡು, ನಾನ್ ಸೊಪ್ಪು ಕತ್ರುಸ್ತೀನಿ” ಎಂದಳು.

ಎರಡು ರೈಟುಗಳು ಬೀಳತೊಡಗಿದವು. ಉತ್ತರಗಳೂ ಬಂದವು, ಬೈಗುಳ ಸಮೇತ.

“ನೀವಾ ಅಕ್ಕ? ಬೆಳಿಗ್ಗಿಂದ ಸಾಲ್ದೋರು ಅಂತ ಕಟ್ ಮಾಡ್ತಿವ್ನಿ!”

“ನಾಡಿದ್ದು ಅಂದ್ರಲ್ಲ ನಿಮ್ ಬಾವ! ಏನ್ ಆಟ ಆಡ್ತೀರಾ ಇಬ್ರೂವೆ?”

ಗುಡೇಮಾರನಹಳ್ಳಿಯ ಒಬ್ಬರು ನೇರವಾಗಿ ಫೋನ್ ಮಾಡಿದರು. “ನಾಡಿದ್ದು ಅಂದಿದ್ಕೆ ಇವತ್ತು ಬ್ಲೀಚಿಂಗ್ ಹೊಡ್ದಿವ್ನಿ ಕಣಕ್ಕ. ಆ ಘಾಟಿಗೆ ಹುಳು ಮನೇಲಿ ಕಣ್ ಬುಡಕ್ಕಾಗಲ್ಲ. ನಾಳೆ ಎಂಗ್ ತರ್ಲಿ? ನಿಮ್ ಸವಾಸ ಸಾಕು.”

“ನಾಳೆ ಬರ್ಬೇಡಿ. ನಾಡಿದ್ದೇ ಬನ್ನಿ. ಎದ್ಮೇಲೆ ನಾನೇ ಮೇವು ಹಾಕಿ ಮಡಗಿರ್ತೀನಿ. ಸಾಗ್ಸೋದೂ ನನ್ ತಲೆನೋವು.”

“ಸೊಪ್ಪು ಎಲ್ಲಿಂದ ತತ್ತೀರ?”

“ಅದನ್ನ ಕೇಳ್ಬೇಡಿ, ಹುಳ ಕೇಳಿ.”

ಅಷ್ಟು ಹೇಳಿದ ಮೇಲೆ ಸೊಪ್ಪು ಹುಡುಕಬೇಕಲ್ಲ. ಹೊಳೆಯಾಚೆ ಒಬ್ಬರ ತೋಟದಲ್ಲಿ ಕಟಾವಿಗೆ ಬಂದ ಸೊಪ್ಪಿತ್ತು. ಅವಸರ ತೋರಿಸದೆ ಊರ ಸುದ್ದಿಯೆಲ್ಲ ಮಾತಾಡಿ, ಮುಂದಿನ ಬ್ಯಾಚಿನಲ್ಲಿ ಅವರಿಗೆ ಹುಳ ಕೊಡುವ ಮಾತಿನ ಮೇಲೆ ಆ ಸೊಪ್ಪನ್ನು ಕುದುರಿಸಿಕೊಂಡು ಬಂದೆ.

ಬೆಳಿಗ್ಗೆ ಮಂಜು ಇರುವಾಗಲೇ ಗಾಡಿಗಳು ಬಂದವು. ಗೂಡ್ಸ್ ಆಟೋ, ಬೈಕು, ಒಬ್ಬರು ಕಾರಿನ ಹಿಂದಿನ ಸೀಟು ಬಿಚ್ಚಿ ತಂದಿದ್ದರು. ಒಬ್ಬರ ತಟ್ಟೆ ಇನ್ನೊಬ್ಬರು ನೋಡದ ಹಾಗೆ ಒದ್ದೆ ಬಟ್ಟೆ ಮುಚ್ಚಿ ಕಳಿಸಿದೆ. ಬಿಸಿಲು ಶೆಡ್ಡಿನ ಗೋಡೆಗೆ ಬರುವ ಹೊತ್ತಿಗೆ ಸ್ಟ್ಯಾಂಡುಗಳು ಖಾಲಿಯಾದವು. ಗುಡೇಮಾರನಹಳ್ಳಿಯವರದು ಮಾತ್ರ ಉಳಿಯಿತು.

ಬಾವ ಕಾಂಪೌಂಡಿನ ಆಚೆಯಿಂದ ಎಲ್ಲ ನೋಡುತ್ತಿದ್ದರು. “ಅಷ್ಟು ಉಳೀತಲ್ಲವ್ವ. ತಿಪ್ಪೆಗಾ?”

“ಬಂದು ನೋಡಿ ಬಾವ, ಚಪ್ಲಿ ಬುಟ್ಟು, ಕೈ ತೊಳ್ಕೊಂಡು ಬನ್ನಿ.”

ಅವರು ಬರಲಿಲ್ಲ. ಹುಳ ಎದ್ದಿತು. ಹೊಳೆಯಾಚೆಯ ಸೊಪ್ಪು ಹಾಕಿದೆ, ತಟ್ಟೆಯ ತುಂಬ ಸಣ್ಣ ಮಳೆಯ ಸದ್ದು.

ಮಾರನೆಯ ದಿನ ಗುಡೇಮಾರನಹಳ್ಳಿಯವರು ಇನ್ನೂ ಮುಖ ಊದಿಸಿಕೊಂಡೇ ಬಂದರು. ತಟ್ಟೆ ನೋಡಿದರು, ಬಾಗಿ ಇನ್ನೊಮ್ಮೆ ನೋಡಿದರು. ಚೆನ್ನಾಗಿದೆ ಎಂದು ಹೇಳಲಿಲ್ಲ, ಹೇಳಬಾರದು ಕೂಡ. ನಮ್ಮದೇ ಖರ್ಚಿನ ಆಟೋಗೆ ತಟ್ಟೆ ಎತ್ತುವ ಮುಂಚೆ ನಾನು ಕೈ ಚಾಚಿದೆ.

“ಫೋನ್ ಕೊಡಿ. ನಂಬರು ಹಾಕಿದ್ಮೇಲೇನೇ ಹುಳ.”

“ನಾನೇ ಹಾಕ್ತೀನಿ ಬುಡಕ್ಕ.” ಅಂಕಿಗಳನ್ನು ಒತ್ತಿ, ಹೆಸರಿನ ಜಾಗಕ್ಕೆ ಬಂದು ತಡೆದರು. “ಏನಂತ ಹಾಕ್ಲಿ? ನಿಮ್ ಬಾವನ ಹೆಸ್ರು ಹಾಕಿ ತಮ್ಮನ ಹೆಂಡ್ತಿ ಅನ್ಲಾ?”

ಇಷ್ಟು ವರ್ಷ ಹುಳ ಕೊಂಡವರಿಗೆ ನನ್ನ ಹೆಸರು ಗೊತ್ತಿರಲಿಲ್ಲ. ನಾನೂ ಹೇಳಿರಲಿಲ್ಲ.

ನನ್ನ ಹೆಸರು ಹೇಳಿದೆ. ಆಟೋದವನಿಗೂ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದೆ. ಅವರು ಒಂದೊಂದೇ ಅಕ್ಷರ ಹುಡುಕಿ ಒತ್ತುವವರೆಗೂ ತಟ್ಟೆಯ ಮೇಲಿನ ಕೈ ತೆಗೆಯಲಿಲ್ಲ.