ಬೀಗರ ನರ್ಸಿಂಗ್ ಹೋಮು

ಬ್ಯಾಡಗಿಯಲ್ಲಿ ಅಪ್ಪನಿಗೆ ಮೆಣಸಿನಕಾಯಿ ದಲಾಲಿ ಅಂಗಡಿಯಿತ್ತು. ಚೀಲದ ಬಾಯಲ್ಲಿ ಕಂಡ ಮಾಲನ್ನು ಅಪ್ಪ ನಂಬಿದವನೇ ಅಲ್ಲ. ಅಂಗಿಯ ತೋಳು ಮಡಚಿ, ಮೊಣಕೈವರೆಗೆ ಕೈ ಇಳಿಸಿ, ತಳದಿಂದ ಒಂದು ಹಿಡಿ ಎತ್ತಿ, ಮುರಿದು ಮೂಸಿ ನೋಡಿದ ಮೇಲೆಯೇ ಮಾತು. ಮಾಲು ನೋಡಲು ಬರುತ್ತೇನೆಂದು ಮುಂಚೆ ಹೇಳಿ ಕಳಿಸುತ್ತಲೂ ಇರಲಿಲ್ಲ. ನನ್ನನ್ನು ನೋಡಲು ಬಂದ ವರಗಳಿಗೂ ಹಾಗೇ ಕೈ ಇಳಿಸಿ ನೋಡಪ್ಪಾ ಎಂದು ನಾನು ಕಾಡಿಸುತ್ತಿದ್ದೆ.

ಇಂಥ ಅಪ್ಪ ಬೀಗರ ಮುಂದೆ ಮಾತ್ರ ಬೆಣ್ಣೆ. ತಂಗಿಯನ್ನು ಮೇಡ್ಲೇರಿಗೆ ಕೊಟ್ಟಿದ್ದೆವು. ಆಕೆಯ ಗಂಡನ ಕಾಕಾ ರಾಣೆಬೆನ್ನೂರಿನಲ್ಲಿ ಬೀಜದ ವ್ಯಾಪಾರಿ. ಒಂದೇ ಕಟ್ಟಡದಲ್ಲಿ ಕೆಳಗೆ ಬೀಜದ ಪ್ಯಾಕಿಂಗು, ಮೇಲೆ ನರ್ಸಿಂಗ್ ಹೋಮು. ಬೋರ್ಡಿನಲ್ಲಿ ಡಾಕ್ಟರ ಹೆಸರಿತ್ತು, ಮಾಲಕರು ಕಾಕಾ. ಮೊದಲ ಹೆರಿಗೆ ತವರಿನವರ ಜವಾಬ್ದಾರಿ. ಆದರೂ "ನಮ್ದ ದವಾಖಾನಿ ಇರೂವಾಗ ಮಂದೀದು ಯಾಕ?" ಎಂದು ಬೀಗರು ಅಂದದ್ದೇ ತಡ, ಅಪ್ಪ ತಲೆಯಾಡಿಸಿಬಿಟ್ಟಿದ್ದ. ಆ ಕೂಸು ಉಳಿಯಲಿಲ್ಲ. ಹುಟ್ಟಿದಾಗ ಅಳಲಿಲ್ಲ ಎಂಬುದಷ್ಟೇ ನಮಗೆ ತಿಳಿದದ್ದು. ಎಲ್ಲರೂ ದೇವರ ಮೇಲೆ ಹಾಕಿ ಕೈ ತೊಳೆದುಕೊಂಡರು.

ಬಹಳ ದಿನಗಳ ಮೇಲೆ ತಂಗಿ ನನ್ನೊಬ್ಬಳ ಹತ್ತಿರ ಅಂದಳು: "ಡಾಕ್ಟರು ಬಂದಿದ್ದು ಎಲ್ಲಾ ಮುಗದ ಮ್ಯಾಲ, ಅಕ್ಕಾ. ಅಲ್ಲೀತನಕ ಒಬ್ಬಾಕಿ ನರ್ಸ್ ಇದ್ಲು, ಸಣ್ಣ ವಯಸ್ಸಿನಾಕಿ. ಹೊಸದಾಗಿ ಲಗ್ನ ಆಗಿತ್ತೋ ಏನೋ, ಬೆರಳಿಗೆಲ್ಲ ಮೆಹಂದಿ. ನಾ ಆ ಕೆಂಪ ಬೆರಳ ನೋಡ್ಕೋತ ಮಲ್ಕೊಂಡಿದ್ದೆ."

ಎರಡನೆಯ ಸಲ ಬಸುರಾಗಿ ತವರಿಗೆ ಬಂದಾಗ ಅವಳಿಗೆ ಬಿ.ಪಿ. ಇತ್ತು, ಕಾಲು ಬಾತಿದ್ದವು. ಬೀಗರು ಮತ್ತೆ ಅದೇ ನರ್ಸಿಂಗ್ ಹೋಮು ಎಂದರು. ಬೇಡವೆಂದರೆ ಮೊದಲ ಕೂಸಿನ ಸಾವನ್ನು ಅವರ ತಲೆಗೆ ಕಟ್ಟಿದಂತೆ. ಹೂಂ ಎಂದರೆ ಈ ಕೂಸಿನ ಗತಿಯೇನು? ಆ ಪ್ರಶ್ನೆಯನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಕೇಳುತ್ತಿರಲಿಲ್ಲ. ನಾನು ಹಟ ಹಿಡಿದೆ. ಅಲ್ಲಿ ಕಲಿತ ನರ್ಸು ಇದ್ದಾಳೋ ಇಲ್ಲವೋ, ಡಾಕ್ಟರು ಯಾವಾಗ ಇರುತ್ತಾರೆ, ಕೂಸು ಅಳದಿದ್ದರೆ ಯಾರು ನೋಡುತ್ತಾರೆ, ಎಲ್ಲ ಕಣ್ಣಾರೆ ಕಂಡು ಬರುತ್ತೇನೆ ಎಂದೆ. ಅಪ್ಪ ಒಪ್ಪಿದ. ಆದರೆ ಬೀಗರ ಬಾಗಿಲಿಗೆ ಹೇಳದೆ ಹೋಗುವುದು ನಮ್ಮ ಕಡೆ ಮರ್ಯಾದೆಯಲ್ಲ. ಹಿಂದಿನ ದಿನವೇ ಫೋನು ಮಾಡಿ, "ನಮ್ಮ ದೊಡ್ಡಾಕಿ ಬರ್ತಾಳ್ರಿ, ಸುಮ್ನ ಹಂಗ ನೋಡಿ ಹೋಗ್ತಾಳ" ಎಂದ.

ಕಾಕಾ ಚಹಾ ತರಿಸಿದರು, ಗಿರ್ಮಿಟ್ಟು ತರಿಸಿದರು. "ಏನ್ರೀ ಟೀಚರ್, ಇನ್‌ಸ್ಪೆಕ್ಷನ್ನಿಗೆ ಬಂದೀರೇನು? ಸರಕಾರದವ್ರ ಬಂದು ನೋಡಿ ಹೋಗ್ಯಾರ, ಒಂದ ಮಾತ ಅಂದಿಲ್ಲ" ಎಂದು ನಕ್ಕರು. ಆಮೇಲೆ ನಡುವಯಸ್ಸಿನ ನರ್ಸೊಬ್ಬಳನ್ನು ಕರೆದರು. ನಾನು ಕೇಳಿದ್ದಕ್ಕೆಲ್ಲ ಆಕೆಯ ಹತ್ತಿರ ಉತ್ತರವಿತ್ತು. ಅಳದ ಕೂಸಿಗೆ ಉಸಿರು ತುಂಬುವ ರಬ್ಬರಿನ ಪಂಪು ತೆಗೆದು, ಹೇಗೆ ಒತ್ತಬೇಕೆಂದು ಒತ್ತಿ ತೋರಿಸಿದಳು. ನನಗೆ ಕಣ್ಣಲ್ಲಿ ನೀರೇ ಬಂತು. ಮನೆಗೆ ಬಂದು ಹೇಳಿದಾಗ ತಂಗಿ ಕೇಳಿದ್ದು ಒಂದೇ: "ಆ ಮೆಹಂದಿಯಾಕಿ ಇದ್ಲೇನು?" ಇರಲಿಲ್ಲ ಎಂದೆ.

ಸ್ವಲ್ಪ ದಿನಗಳ ಮೇಲೆ, ನಾನು ಪಾಠ ಹೇಳುವ ಹಾವೇರಿಯಲ್ಲಿ, ಜೊತೆಗಿನ ಟೀಚರೊಬ್ಬರ ಅತ್ತೆಯನ್ನು ನೋಡಲು ಬೇರೊಂದು ನರ್ಸಿಂಗ್ ಹೋಮಿಗೆ ಹೋದೆ. ಅಲ್ಲಿ ಪಂಪು ಒತ್ತಿ ತೋರಿಸಿದ ಅದೇ ನರ್ಸು ಎದುರಾದಳು. ನನ್ನನ್ನು ಕಂಡು ಮುಖ ತಿರುಗಿಸಿದಳು. ನಾನು ಬಿಡಲಿಲ್ಲ.

"ರಾಣೆಬೆನ್ನೂರಾಗ ಬಿಟ್ರೇನ್ರಿ?"

"ಬಿಡಾಕ ನಾ ಅಲ್ಲಿದ್ದಾಕಿನ ಅಲ್ರೀ. ನಾ ಮೊದಲಿಂದ ಇಲ್ಲೇ ಇರಾಕಿ. ಯಾರರ ತಪಾಸಣಿಗೆ ಬರ್ತಾರಂದ್ರ ಅವರು ಒಂದ ದಿನದ ಮಟ್ಟಿಗೆ ಕರಿಸ್ತಾರ."

"ಅವತ್ತ ಯಾರು ತಪಾಸಣಿಗೆ ಬಂದಿದ್ರು?"

ಆಕೆ ನನ್ನನ್ನೇ ನೋಡಿದಳು. "ನೀವ ಬಂದಿದ್ರೆಲ್ರೀ" ಎಂದಳು.

ಅಲ್ಲಿಂದಲೇ ಬ್ಯಾಡಗಿಯ ಬಸ್ಸು ಹತ್ತಿದೆ. ಬಾಗಿಲಲ್ಲೇ ಅಪ್ಪನ ಮೇಲೆ ಹರಿಹಾಯ್ದೆ: "ಮಾಲ್ ನೋಡಾಕ ಬರ್ತೇವಿ, ಬಾಯಿ ಚಂದ ಮಾಡಿ ಇಡ್ರಿ ಅಂತ ನೀನ ಫೋನ್ ಮಾಡಿ ಹೇಳ್ದಂಗಾತು!" ಅವತ್ತು ಅಪ್ಪ ಸರಿಯಾಗಿ ಉಣ್ಣಲಿಲ್ಲ. ಮರುದಿನ ಅಂಗಡಿ ತೆಗೆಯದೆ, ಯಾರಿಗೂ ಫೋನು ಮಾಡದೆ, ರಾಣೆಬೆನ್ನೂರಿನ ಬಸ್ಸು ಹತ್ತಿದ.

ಸಂಜೆಗೆ ತಿರುಗಿ ಬಂದವನು ಕಾಲು ತೊಳೆದುಕೊಂಡು ಪಡಸಾಲೆಯಲ್ಲಿ ಕೂತ. "ಕಾಕಾ ಇದ್ದಿದ್ದಿಲ್ಲ, ಸೀದಾ ಮ್ಯಾಲ ಹೋದ್ನಿ. ಡಾಕ್ಟರೂ ಇಲ್ಲ, ನರ್ಸೂ ಇಲ್ಲ. ಒಬ್ಬ ಬಾಣಂತಿದು ಸಲಾಯಿನ್ ಮುಗದಿತ್ತು. ಅವರ ಮನಿಯವರು ಒದರಿದ ಮ್ಯಾಲ ಕೆಳಗ ಬೀಜಾ ಪ್ಯಾಕ್ ಮಾಡೂ ಹುಡುಗಿ ಓಡಿ ಬಂತು. ಗ್ವಾಡಿಗೆ ಬಿಳಿ ಕೋಟು ತೂಗಹಾಕಿದ್ರು. ಅದನ್ನ ಹಾಕ್ಕೊಂಡು ಬಾಟ್ಲಿ ಬದಲ ಮಾಡ್ತು" ಎಂದ. ಆಮೇಲೆ ನನ್ನ ಕಡೆ ನೋಡದೆಯೇ, "ಹಾವೇರಿ ಸರಕಾರಿ ದವಾಖಾನಿಗೆ ಹೋಗೂನು. ಬೀಗರು ಏನರ ಅಂದ್ಕೊಳ್ಳಿ" ಎಂದ.

ಅಬ್ಬಾ ಎಂದು ನಾನು ಉಸಿರು ಬಿಟ್ಟೆ. ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ತಂಗಿ ಎಲ್ಲ ಕೇಳಿಸಿಕೊಂಡಿದ್ದಳು.

"ಅಪ್ಪಾ, ಆ ಹುಡುಗಿ ಕೈ ಹೆಂಗಿದ್ದೂ?"

ಅಪ್ಪನಿಗೆ ಮೆಹಂದಿಯ ಸಂಗತಿ ಗೊತ್ತಿರಲಿಲ್ಲ. "ಬೀಜಕ್ಕ ಕೆಂಪ ಔಷಧ ಹಚ್ತಾರಲವಾ, ಬೆರಳೆಲ್ಲ ಅದ ಬಣ್ಣ. ತೊಳದ್ರೂ ಹೋಗೂದಿಲ್ಲ ಅದು" ಎಂದ.

ತಂಗಿ ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡು ಹೊಸ್ತಿಲಲ್ಲೇ ಕೂತುಬಿಟ್ಟಳು. ಯಾಕೆಂದು ಅಪ್ಪನಿಗೆ ನಾನೇ ಹೇಳಬೇಕಾಯಿತು.

ಹಾವೇರಿಯಲ್ಲಿ ಕೂಸು ಹುಟ್ಟಿದ ಕೂಡಲೇ ಅಳಲಿಲ್ಲ. ಒಳಗೆ ನರ್ಸುಗಳು ಓಡಾಡುವ ಸದ್ದು ಕೇಳಿತು, ಆಮೇಲೆ ಕೂಸು ಕಿರುಚಿ ಅತ್ತಿತು. ಮೇಡ್ಲೇರಿಯಿಂದ ತಂಗಿಯ ಗಂಡನೊಬ್ಬನೇ ಬಂದಿದ್ದ, ಅವನು ಎದ್ದು ಬಾಗಿಲಿಗೆ ಓಡಿದ. ಅಪ್ಪ ಬೆಂಚಿನಿಂದ ಏಳಲಿಲ್ಲ.

"ಮೊದಲಿನ ಕೂಸೂ ಹಿಂಗ ಅಳ್ತಿತ್ತಲವಾ" ಎಂದ.